ಮುತ್ತುವಿಗೆ ಕೊಟ್ಟ ಪ್ರಸಾದ

ಆ ನಾಯಿಗೆ ಆಗದ್ದನ್ನು ತಿನ್ನಿಸಿದವನು ನಾನು, ಕಮಲಾ. ನೀನಲ್ಲ. ಏಳು ವರ್ಷದಿಂದ ಇದು ನನಗೆ ಗೊತ್ತಿತ್ತು — ನನಗೊಬ್ಬನಿಗೇ ಗೊತ್ತಿತ್ತು.

ಇಷ್ಟನ್ನು ಬರೆಯಲು ಒಂದು ಬೆಳಗು ಪೂರ್ತಿ ಹಿಡಿಯಿತು. ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು. ಉತ್ತರ ಮೊದಲ ಸಾಲಿನಲ್ಲೇ ಬರಬೇಕು, ಸುತ್ತಿ ಬಳಸಬೇಡಿ ಎಂದು ಮಕ್ಕಳನ್ನು ಬೈದವನು. ಎದುರಿಗೆ ನಿನ್ನನ್ನು ಏಕವಚನದಲ್ಲೇ ಕರೆದಿದ್ದೇನೆ. ಈಗ ಕಾಗದದಲ್ಲಿ ಮಾತ್ರ ಬಹುವಚನ ಹಚ್ಚಿದರೆ ಅದೂ ಒಂದು ನಾಟಕವಾದೀತು, ಬೇಡ. ನಿನಗೆ ಗೊತ್ತಿರುವ ಸಂಗತಿಯನ್ನೂ ಬರೆಯುತ್ತೇನೆ, ಯಾಕೆಂದರೆ ಇದನ್ನು ಓದಬೇಕಾದವಳು ನೀನೊಬ್ಬಳೇ ಅಲ್ಲ.

ಸುಳ್ಯದ ನನ್ನ ಮನೆಯ ಮಾಳಿಗೆಗೆ ಸುಮತಿ ಬಾಡಿಗೆಗೆ ಬಂದಾಗ ಅವಳ ಜೊತೆ ಇದ್ದದ್ದು ಎರಡು ಟ್ರಂಕು, ಒಂದು ನಾಯಿ. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ; ಹಿಂದೆ ಮುಂದೆ ಬೇರೆ ಯಾರೂ ಇಲ್ಲ. ಮುತ್ತು ಬಿಳಿ ಪೊಮೇರಿಯನ್, ಸುಲಿಯದ ತೆಂಗಿನಕಾಯಿಗಿಂತ ತುಸು ದೊಡ್ಡದು. ಹಗಲಿಡೀ ಅದು ಪಕ್ಕದ ಮನೆಯ ನಿನ್ನ ಜಗಲಿಯಲ್ಲಿ, ನೀನು ಬೀಡಿ ಕಟ್ಟುವ ಮೊರದ ಪಕ್ಕದಲ್ಲಿ ಮಲಗಿರುತ್ತಿತ್ತು. ಸಂಜೆ ಸುಮತಿ ಬಂದರೂ ನಿನ್ನನ್ನು ಬಿಟ್ಟು ಏಳುತ್ತಿರಲಿಲ್ಲ.

ಆಮೇಲೆ ತುರಿಕೆ ಶುರುವಾಯಿತು. ಹೊಟ್ಟೆಯಡಿ ಕೆಂಪು ಗುಳ್ಳೆ, ಕಂಕುಳಲ್ಲಿ ಕೂದಲೇ ಇಲ್ಲ, ಕಿವಿಯೊಳಗೆ ಹುಳಿ ವಾಸನೆ. ಕಾಲ್ಬೆರಳ ಸಂದನ್ನು ನೆಕ್ಕಿ ನೆಕ್ಕಿ ಬಿಳಿ ಕೂದಲು ಚಹಾದ ಬಣ್ಣಕ್ಕೆ ತಿರುಗಿತು. ಕಜ್ಜಿ ಎಂದರು ಕೆಲವರು. ಕಹಿಬೇವಿನ ನೀರು, ತೆಂಗಿನೆಣ್ಣೆ, ಪೌಡರು ಎಲ್ಲ ಆಯಿತು. ಕೊನೆಗೆ ನನ್ನ ಕಾರಿನಲ್ಲೇ ಪುತ್ತೂರಿನ ಪ್ರಾಣಿಗಳ ಡಾಕ್ಟರರ ಹತ್ತಿರ ಹೋದೆವು. ಇದು ಕಜ್ಜಿಯಲ್ಲ, ತಿನ್ನುವ ಯಾವುದೋ ಒಂದು ಇದಕ್ಕೆ ಆಗುವುದಿಲ್ಲ ಎಂದರು ಅವರು. ಯಾವುದು ಎಂದು ಪತ್ತೆ ಹಚ್ಚಲು ಒಂದೇ ದಾರಿ. ಎಂಟು ವಾರ ಬರೀ ಬೇಯಿಸಿದ ಬಂಗುಡೆ, ಬೇಯಿಸಿದ ಗೆಣಸು, ಉಪ್ಪೂ ಇಲ್ಲ. ಕೋಳಿ, ಮೊಟ್ಟೆ, ಹಾಲು, ಬಿಸ್ಕೆಟು ಎಲ್ಲ ಬಂದ್.

"ಒಂದು ಚೂರು ಬೇರೆ ಹೊಟ್ಟೆಗೆ ಹೋದ್ರೂ ಮತ್ತೆ ಮೊದಲಿಂದ ಶುರು ಮಾಡ್ಬೇಕು. ಮನೇಲಿ ಬೇರೆ ಯಾರಾದ್ರೂ ಎಂತಾದ್ರೂ ಕೊಡುದುಂಟಾ?"

ಸುಮತಿ ನನ್ನ ಮುಖ ನೋಡಿದಳು. "ಇಲ್ಲ" ಎಂದೆ ನಾನು.

ಆಗ ಅದು ಸುಳ್ಳಾಗಿರಲಿಲ್ಲ. ಇದನ್ನು ಕ್ಷಮೆಗಾಗಿ ಹೇಳುತ್ತಿಲ್ಲ. ನನ್ನ ತಲೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ನಿನಗೆ ಗೊತ್ತಾಗಲಿ ಎಂದು. ನನ್ನ ಬೆಳಗಿನ ಪೂಜೆ ನಿನಗೆ ಗೊತ್ತುಂಟು. ಘಂಟೆಯ ಸದ್ದಿಗೆ ಮುತ್ತು ಮಾಳಿಗೆಯ ಮೆಟ್ಟಿಲಿಳಿದು ಬಂದು ಹಿಂಬಾಗಿಲ ಹೊಸ್ತಿಲಾಚೆ ಕೂರುತ್ತಿತ್ತು. ನೈವೇದ್ಯದ ಹಾಲಿನಲ್ಲಿ ಎರಡು ಸಕ್ಕಣ — ತೀರ್ಥ ಕೊಡುವ ಆ ಪುಟ್ಟ ಚಮಚದಲ್ಲಿ ಎರಡೇ ಸಲ — ಬಾಳೆಲೆಯ ತುಂಡಿನ ಮೇಲೆ ಹಾಕುತ್ತಿದ್ದೆ. ಅದು ಬಂದಂದಿನಿಂದ ನಡೆದ ರೂಢಿ. ಉಪವಾಸದ ದಿನವೂ ತೀರ್ಥ ತೆಗೆದುಕೊಂಡರೆ ಉಪವಾಸ ಮುರಿಯುವುದಿಲ್ಲ ಎಂದು ಕೇಳಿ ಬೆಳೆದವನು ನಾನು. ಪ್ರಸಾದ ಎಂಬುದು ಆಹಾರದ ಪಟ್ಟಿಯಲ್ಲಿ ಬರುತ್ತದೆಂದು ನನಗೆ ಹೊಳೆಯಲೇ ಇಲ್ಲ. ಡಾಕ್ಟರರು 'ಹಾಲು' ಎಂದಾಗ ಕಣ್ಣೆದುರು ಬಂದದ್ದು ಲೋಟದ ಹಾಲು.

ಆದರೂ ವಾಪಸು ಬರುವ ದಾರಿಯುದ್ದಕ್ಕೂ ಸುಮತಿಗೆ ಪಾಠ ಮಾಡಿದೆ. "ಇದು ಪ್ರಯೋಗ ಸುಮತಿ. ಒಂದನ್ನು ಮಾತ್ರ ಬದಲಿಸಬೇಕು, ಉಳಿದದ್ದು ಇದ್ದ ಹಾಗೇ ಇರಬೇಕು." ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನನ್ನ ಮನೆಯಲ್ಲಿ ಮೀನು ಬೇಯಿಸಬಾರದು, ಮಾಳಿಗೆಯಲ್ಲೂ — ಅದು ನಾನು ಹಾಕಿದ ನಿಯಮ. ಹಾಗಾಗಿ ಮುತ್ತುವಿನ ಊಟ ನಿನ್ನ ಒಲೆಗೆ ಬಂತು. ಬಂಗುಡೆಯ ಮುಳ್ಳನ್ನು ಒಂದೊಂದಾಗಿ ಬಿಡಿಸಿ, ಗೆಣಸಿನ ಜೊತೆ ಕಿವುಚಿ, ಬೇರೆಯೇ ಪಾತ್ರೆಯಲ್ಲಿ ನೀನು ಕೊಡುತ್ತಿದ್ದದ್ದನ್ನು ನಾನು ಗೋಡೆಯ ಈಚೆಯಿಂದ ಎಷ್ಟು ಸಲ ನೋಡಿದ್ದೇನೆ. ನನ್ನ ಹಟ ಇಲ್ಲದಿದ್ದರೆ ಆ ಪಾತ್ರೆ ನಿನ್ನ ಕೈಗೆ ಬರುತ್ತಲೇ ಇರಲಿಲ್ಲ. ಅಪವಾದವೂ.

ಆರು ವಾರ ಕಳೆಯಿತು, ತುರಿಕೆ ಇಳಿಯಲಿಲ್ಲ. ಕೆರೆದಲ್ಲಿ ರಕ್ತ ಬರತೊಡಗಿತು. ಸುಮತಿ ಫೋನು ಮಾಡಿದಾಗ ಡಾಕ್ಟರರು ಹೇಳಿದ್ದು ಒಂದೇ ಮಾತು — ಯಾರೋ ಏನೋ ಕೊಡುತ್ತಿದ್ದಾರೆ. ಅವಳು ಎಲ್ಲಿ ನೋಡಬೇಕು? ಊಟ ಬೇಯುವುದು ನಿನ್ನ ಮನೆಯಲ್ಲಿ, ನಾಯಿ ಇರುವುದು ನಿನ್ನ ಜಗಲಿಯಲ್ಲಿ. ಅವಳು ಬಂದು ಕೇಳಿದಾಗ ನೀನು ಅತ್ತುಬಿಟ್ಟೆ. "ಅಕ್ಕ, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಾದ್ರೆ ಇಷ್ಟು ನೋಡ್ತಿದ್ದೆನಾ ಗೊತ್ತಿಲ್ಲ. ನಾನು ಬೇರೆ ಎಂತದೂ ಕೊಡ್ಲಿಲ್ಲ" ಎಂದೆ. ಮರುದಿನದಿಂದ ಸುಮತಿ ಮುತ್ತುವನ್ನು ನಿನ್ನ ಹತ್ತಿರ ಬಿಡಲಿಲ್ಲ.

ಅದಾಗಿ ಎರಡೇ ದಿನಕ್ಕೆ ಪಂಜದ ಮನೆಯಲ್ಲಿ ನನ್ನ ದೊಡ್ಡಪ್ಪನ ಮಗ ತೀರಿಕೊಂಡ.

ಸೂತಕ ಎಂದರೆ ಪೂಜೆ ಇಲ್ಲ, ಘಂಟೆ ಇಲ್ಲ, ನೈವೇದ್ಯ ಇಲ್ಲ. ಮುತ್ತುವಿನ ಮೀನನ್ನು ಹಿತ್ತಿಲ ಬಚ್ಚಲೊಲೆಯಲ್ಲಿ ಬೇಯಿಸಿಕೊಳ್ಳಲಿ ಎಂದು ನಾನೇ ಸುಮತಿಗೆ ಬಿಟ್ಟುಕೊಟ್ಟಿದ್ದೆ. ಒಂದು ವಾರ ಕಳೆಯುವಷ್ಟರಲ್ಲಿ ಗುಳ್ಳೆ ಒಣಗಿತು. ಹತ್ತನೆಯ ದಿನ ಅದು ಅಂಗಳದಲ್ಲಿ ತನ್ನ ಬಾಲವನ್ನೇ ಅಟ್ಟಿಸಿಕೊಂಡು ಓಡಿತು. ಓಣಿಯವರೆಲ್ಲ ನೋಡಿದರು. ಮೀನು ಅದೇ, ಗೆಣಸು ಅದೇ, ಬದಲಾದದ್ದು ಕೈ ಮಾತ್ರ ಎಂದರು. ನಾನೂ ತಲೆಯಾಡಿಸಿದೆ. ಆಗ ನಿಜವಾಗಿ ಹಾಗೇ ನಂಬಿದ್ದೆ.

ಹನ್ನೆರಡನೆಯ ದಿನ ಶುದ್ಧವಾಗಿ ಪೂಜೆಗೆ ಕುಳಿತೆ. ಘಂಟೆ ಬಾರಿಸಿದೆ. ಮುತ್ತು ಬಂದು ಕೂತಿತು. ಎರಡು ಸಕ್ಕಣ ಹಾಲು ಹಾಕಿದೆ — ಇಷ್ಟು ದಿನ ತಪ್ಪಿತಲ್ಲ ಪಾಪ ಎಂದು ಇನ್ನೊಂದು ಹೆಚ್ಚಿಗೆ. ಅದೇ ದಿನ ಮಧ್ಯಾಹ್ನ ನೀನು ಅದರ ಪಾತ್ರೆ ತೊಳೆದು ವಾಪಸು ಕೊಡಲು ಗೇಟಿನ ಹತ್ತಿರ ಬಂದೆ. ಮುತ್ತು ಓಡಿ ಬಂದು ನಿನ್ನ ಕೈ ನೆಕ್ಕಿತು. "ಮಾಷ್ಟ್ರೆ, ನೀವಾದ್ರೂ ಒಂದು ಮಾತು ಹೇಳಿ ಮಾರಾಯ್ರೆ. ನಿಮ್ಮ ಮಾತು ಅವ್ರು ಕೇಳ್ತಾರೆ." ನೋಡುವ ಎಂದೆ ನಾನು.

ಮರುದಿನ ಬೆಳಿಗ್ಗೆ, ಬಾಳೆಲೆಯ ಮೇಲಿನ ಹಾಲು ಮುಗಿಸಿದ್ದೇ ಅದು ಅಲ್ಲಿಯೇ ಕೂತು ಕಾಲ್ಬೆರಳು ನೆಕ್ಕತೊಡಗಿತು. ಆಮೇಲೆ ಕಿವಿ. ಆಮೇಲೆ ಹೊಟ್ಟೆ. ಸಕ್ಕಣ ಹಿಡಿದು ನಾನು ಹೊಸ್ತಿಲ ಮೇಲೆ ನಿಂತೇ ಇದ್ದೆ. ಒಂದನ್ನು ನಿಲ್ಲಿಸಿದೆವು, ಗುಣವಾಯಿತು. ಅದನ್ನೇ ಮತ್ತೆ ಶುರು ಮಾಡಿದೆ, ಮರುಕಳಿಸಿತು. ಎಂಟನೇ ಕ್ಲಾಸಿನ ಹುಡುಗನೂ ಹೇಳುವ ಉತ್ತರ.

ಆಗ ಸುಮತಿ ಮೇಲಿನಿಂದ ಇಳಿದು ಬಂದಳು. ಮುತ್ತುವಿನ ಹೊಟ್ಟೆ ನೋಡಿ ಅವಳ ಬಣ್ಣವೇ ಹೋಯಿತು. "ಸರ್, ಎಂತ ಆಯ್ತು ಇದು? ನಾನಿಲ್ಲದಾಗ ಯಾರಾದ್ರೂ ಬಂದಿದ್ರಾ?"

ಬಾಯಿ ತೆರೆದಾಗ ನಿಜವನ್ನೇ ಹೇಳುವವನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಗೊತ್ತಿಲ್ಲ. ಬಂದ ಮಾತು ಇದು —

"ನಿನ್ನೆ ಕಮಲ ಬಂದಿದ್ಲು."

ಅಷ್ಟೇ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಬೇರೆಂದೂ ಹೇಳಿಲ್ಲ. ಯಾಕೆ ಹೇಳಿದೆ? ಮೇಷ್ಟ್ರು ತಪ್ಪಿದರು ಎಂದು ಓಣಿ ನಕ್ಕೀತೆಂದೋ, ದೇವರ ಪ್ರಸಾದದಿಂದ ನಾಯಿಗೆ ರೋಗ ಬಂತೆಂದು ನನ್ನ ಬಾಯಲ್ಲೇ ಹೇಳಬೇಕಲ್ಲ ಎಂದೋ... ಯಾವುದನ್ನು ಬರೆದರೂ ನೆಪದ ಹಾಗೆ ಕಾಣುತ್ತದೆ. ಹೊಡೆದು ಹಾಕುತ್ತೇನೆ.

ಮರುದಿನದಿಂದ ಹಾಲು ನಿಲ್ಲಿಸಿದೆ, ಯಾರಿಗೂ ಹೇಳದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ; ನಾನು ಕಣ್ಣು ಮುಚ್ಚಿ ಹಾಲು ನಿಲ್ಲಿಸಿದೆ. ಮುತ್ತು ಗುಣವಾಯಿತು, ಪೂರ್ತಿ ಗುಣವಾಯಿತು. ಆ ನಾಯಿಯ ಒಂದೊಂದು ಹೊಸ ಕೂದಲೂ ನಿನ್ನ ವಿರುದ್ಧ ಸಾಕ್ಷಿ ಹೇಳಿತು. ನಾನು ತಪ್ಪು ತಿದ್ದಿಕೊಂಡದ್ದೇ ನಿನ್ನ ಅಪರಾಧಕ್ಕೆ ಪುರಾವೆಯಾಯಿತು. ಎದುರುಮನೆಯ ದಂಪತಿ ತಮ್ಮ ಮಗುವನ್ನು ನೋಡಿಕೊಳ್ಳಲು ನಿನ್ನನ್ನು ಗೊತ್ತು ಮಾಡಿದ್ದರು. ನಾಯಿಯನ್ನೇ ನಂಬಿ ಕೊಡುವ ಹಾಗಿಲ್ಲ, ಮಗು ಕೊಡುವುದು ಹೇಗೆ ಎಂದು ಬಿಟ್ಟರು. ಓಣಿಯಲ್ಲಿ ನಿನ್ನ ಕೈಯ ಚಹಾವನ್ನೂ ಜನ ಯೋಚಿಸಿ ಕುಡಿಯುವ ಹಾಗಾಯಿತು.

ನೀನು ಊರು ಬಿಟ್ಟು ಅರಂತೋಡಿಗೆ ಹೋಗುವ ಹಿಂದಿನ ದಿನ ಗೋಡೆಯಾಚೆ ಆಡಿದ ಮಾತು ನನಗೆ ಕೇಳಿಸಿತ್ತು. ನಿನ್ನ ಅಣ್ಣನಿಗೆ ಹೇಳುತ್ತಿದ್ದೆ: "ದೈವದ ಕಟ್ಟೆಯಲ್ಲಿ ದೂರು ಹೇಳಿ ನಾಣ್ಯ ಇಟ್ಟು ಬಂದಿದ್ದೇನೆ. ಕೊಟ್ಟದ್ದು ಯಾರು ಅಂತ ನನಗೆ ಗೊತ್ತಿಲ್ಲ, ದೈವಕ್ಕೆ ಗೊತ್ತುಂಟು. ಅದೇ ನೋಡಿಕೊಳ್ಳಲಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಂದಿನಿಂದ ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದೇನೆ. ಸಣ್ಣ ಜ್ವರ ಬಂದರೂ, ಬಾವಿಯ ಹಗ್ಗ ಕಡಿದು ಬಿದ್ದರೂ, ಕಾರು ಘಾಟಿಯಲ್ಲಿ ಕೆಟ್ಟು ನಿಂತರೂ, ಬಂತು ಎಂದುಕೊಂಡೆ. ಏನೂ ಬರಲಿಲ್ಲ. ಏಳು ವರ್ಷ ನನಗೆ ಏನೂ ಆಗಲಿಲ್ಲ, ಅದೇ ನನ್ನ ಹೆದರಿಕೆ.

ಮುತ್ತು ಮಾತ್ರ ಬಿಡಲಿಲ್ಲ. ಪ್ರತಿ ಬೆಳಗ್ಗೆ ಘಂಟೆ ಕೇಳಿದೊಡನೆ ಬಂದು ಹೊಸ್ತಿಲಾಚೆ ಕೂತು ನನ್ನ ಕೈಯನ್ನೇ ನೋಡುತ್ತಿತ್ತು. ಬಾರದ ಹಾಲಿಗೆ ಏಳು ವರ್ಷ ಕಾಯಿತು. ನಾನು ಘಂಟೆಯನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ಬಾರಿಸತೊಡಗಿದೆ. ಕೊನೆಗೆ ಘಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದು ಆಡಿಸುತ್ತಿದ್ದೆ. ಆಗಲೂ ಬರುತ್ತಿತ್ತು.

ಕಳೆದ ತಿಂಗಳು ಅದು ಮುದಿಯಾಗಿ ಸತ್ತಿತು. ಹಿತ್ತಿಲಲ್ಲಿ ಗುಂಡಿ ತೋಡಿದವನು ನಾನೇ. ಮಣ್ಣು ಮುಚ್ಚುವಾಗ ಸುಮತಿ ಅಂದಳು, "ಆವತ್ತು ನೀವು ಹೇಳದಿದ್ರೆ ಕಮಲಕ್ಕನ ಕೈಯಲ್ಲೇ ಇದು ಸಾಯ್ತಿತ್ತು ಸರ್. ನಿಮ್ಮಿಂದ ಇಷ್ಟು ವರ್ಷ ಬದುಕಿತು."

ಆಗಲೇ ನೀನು ಗೇಟಿನ ಹೊರಗೆ ಬಂದು ನಿಂತದ್ದು. ಮುತ್ತುವಿಗೆ ಹುಷಾರಿಲ್ಲ ಎಂದು ಯಾರೋ ಹೇಳಿದರಂತೆ. ಸತ್ತದ್ದು ನಿನಗೆ ಗೊತ್ತಿರಲಿಲ್ಲ. ಅರಂತೋಡಿನಿಂದ ಬಸ್ಸು ಹಿಡಿದು ಬಂದಿದ್ದೆ. ಕೈಯಲ್ಲಿ ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದು ತೋರಿಸಿದೆ — ಮುಳ್ಳು ಬಿಡಿಸಿದ ಬಂಗುಡೆ, ಕಿವುಚಿದ ಗೆಣಸು. "ಉಪ್ಪು ಸಹ ಹಾಕ್ಲಿಲ್ಲ ಅಕ್ಕ." ಏಳು ವರ್ಷದ ಮೇಲೂ ಡಾಕ್ಟರರ ಮಾತನ್ನು ನೀನು ಮೀರಿರಲಿಲ್ಲ.

"ಈಗ ಸಹ ತಿನ್ನಿಸ್ಲಿಕ್ಕೆ ಬಂದದ್ದಾ?" ಎಂದಳು ಸುಮತಿ. ಗೇಟಿನ ಚಿಲಕ ಹಾಕಿಯೇ ಇತ್ತು. ಅದರ ಹತ್ತಿರ ನಾನಿದ್ದೆ. ಕೈಗೆ ಮಣ್ಣಾಗಿತ್ತು, ಅಷ್ಟೇ. ಕೈ ಬಿದ್ದು ಹೋಗಿರಲಿಲ್ಲ. ನಾನು ತೆರೆಯಲಿಲ್ಲ. ನೀನು ಡಬ್ಬಿಯ ಮುಚ್ಚಳ ಹಾಕಿ, ಗುಂಡಿ ಇದ್ದ ಕಡೆಗೆ ಒಮ್ಮೆ ನೋಡಿ, ಹೋದೆ.

ಇದನ್ನು ಇವತ್ತು ಸಂಜೆ ಸುಮತಿಯ ಕೈಗೆ ಕೊಡುತ್ತೇನೆ. ಅವಳು ಓದಿ ಮುಗಿಸುವ ತನಕ ಎದುರಿಗೇ ಕೂರುತ್ತೇನೆ. ಎದುರುಮನೆಯವರಿಗೂ ಬಾಯಿಬಿಟ್ಟು ಹೇಳುತ್ತೇನೆ. ನಾಳೆ ಅರಂತೋಡಿಗೆ ಬರುತ್ತೇನೆ. ನಿನ್ನ ದೂರಿನಲ್ಲಿ ಹೆಸರಿರಲಿಲ್ಲ. ಕಟ್ಟೆಯ ಎದುರು ನಿಂತು ಆ ಹೆಸರನ್ನು ನಾನೇ ಹೇಳಬೇಕು. ದೂರನ್ನು ಹಿಂದೆ ತೆಗೆದುಕೋ ಎಂದು ಕೇಳುವುದಿಲ್ಲ.

ಮೊದಲು ನಿನ್ನ ಮನೆ. ನೀನು ಬಾಗಿಲು ತೆರೆಯಬೇಕೆಂದಿಲ್ಲ. ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ, ಹೊರಗೇ ನಿಂತು ಹೇಳುತ್ತೇನೆ — ನೀನು ಆವತ್ತು ನಿಂತ ಹಾಗೆ.