ಜಗಳಾಡುವ ಕೂಸಿಗಾಗಿ ಕಾದವರು

ಇಳಕಲ್ಲಿನ ಕಲ್ಲುಗಣಿಗಳ ಮಗ್ಗುಲಲ್ಲಿ, ತಗಡಿನ ಮಾಡಿನ ಕೆಳಗೆ, ಬೇರೆ ಭಾಷೆಯ ಮಕ್ಕಳನ್ನು ಹಗಲೆಲ್ಲ ಸಾಕಿ ಸಂಜೆ ತಾಯಂದಿರ ಕೈಗೊಪ್ಪಿಸುವ ಕೆಲಸವನ್ನು ಸೇವೆಯೆಂದು ಎಣಿಸುವವರು ಕಡಿಮೆ. ಆ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆಸಿ ಈಗ ನಿವೃತ್ತರಾಗಿರುವ ಶ್ರೀಮತಿ ಸುಗರಾಬಾಯಿಯವರನ್ನು ಬಿಟ್ಟು ನಮ್ಮ ಭಾಗದ ಶಿಶುಪಾಲನೆಯ ಮಾತನ್ನು ಆರಂಭಿಸಲಾಗದು.

ರಾಮಥಾಳ ಊರಿನ ಶಿಶುವಿಹಾರದಲ್ಲಿ ಕೆಲಸಕ್ಕೆ ಸೇರಿ, ಕೆಲ ವರ್ಷಗಳ ಬಳಿಕ ಅವರು ಕೂಲಿಗಳ ಮಕ್ಕಳನ್ನು ನೋಡಿಕೊಳ್ಳುವ ಈ ಗಣಿಯ ಕೂಸಿನ ಮನೆಗೆ ಬಂದರು. ನಾನು ಅಲ್ಲಿ ಸಹಾಯಕಿಯಾಗಿ ಸೇರಿದಾಗ ನನ್ನ ಬಾಣಂತನ ಮುಗಿದು ಎರಡು ತಿಂಗಳೂ ಆಗಿರಲಿಲ್ಲ. ನನ್ನ ಪಾಲಿನ ನೀರಿನ ಕೊಡಗಳನ್ನು ಮಳೆಗಾಲ ಮುಗಿಯುವವರೆಗೆ ಅವರೇ ಹೊತ್ತರು. ಮನೆಯ ಉರ್ದು, ಓಣಿಯ ಕನ್ನಡ, ತಾಂಡಾದ ಲಂಬಾಣಿ, ಗಣಿಯ ತೆಲುಗು ಬಲ್ಲ ಅವರ ಮುಂದೆ ಯಾವ ಕೂಸೂ ಮೂಕವಾಗದೆಂದು ನಾವು ನಂಬಿದ್ದೆವು. ಅವರೂ ನಂಬಿದ್ದರು.

ಮುಂದಿನದನ್ನು ಬರೆಯುವುದು ಬೇಡವೆಂದು ಈ ಅಭಿನಂದನ ಸಂಚಿಕೆಯ ಸಂಪಾದಕ ಸಮಿತಿಯ ಹಿರಿಯರು ಸೂಚಿಸಿದ್ದರು. ಸುಗರಾಬಾಯಿಯವರನ್ನೇ ಕೇಳಿದೆ. "ಅದನ್ನ ಬಿಟ್ಟು ಬರಿಯೂದಾದ್ರ ನನ್ನ ಹೆಸರೂ ಬಿಟ್ಟಬಿಡು, ಜಯಶ್ರೀ" ಅಂದರು.

೨೦೧೫ರ ಚಳಿಗಾಲದಲ್ಲಿ ಒಡಿಶಾದ ಗುಡ್ಡಗಾಡಿನಿಂದ ಬಂದ ದಂಪತಿ ಬಸಂತಿ ಎಂಬ ಮೂರು ವರ್ಷದ ಮಗಳನ್ನು ನಮ್ಮಲ್ಲಿ ಬಿಟ್ಟರು. ಅವರ ಮಾತು ಕುಯಿ; ನಮ್ಮಲ್ಲಿ ಯಾರಿಗೂ ಅದರ ಒಂದು ಶಬ್ದವೂ ತಿಳಿಯದು. ಮೊದಲ ವಾರ ಕೂಸು ಅಳುತ್ತ ಬಾಯಿಯವರ ಕೈ ಹಿಡಿದೆಳೆದು ತನ್ನ ಕಿವಿಯ ಹಿಂದೆ ಇಟ್ಟುಕೊಳ್ಳುತ್ತಿತ್ತು. ನಿದ್ದೆ ಬಂದಿದೆಯೆಂದು ತಿಳಿದು ಅವರು ತಟ್ಟಿ ಮಲಗಿಸುತ್ತಿದ್ದರು. ಅವರಿಗೆ ಬಿಡುವಿಲ್ಲದಾಗ ನಾನು ತಟ್ಟುತ್ತಿದ್ದೆ. ಎರಡನೆಯ ವಾರ ಕೂಸು ಅಳುವುದನ್ನು ಬಿಟ್ಟಿತು, ಕೈ ಎಳೆಯುವುದನ್ನೂ ಬಿಟ್ಟಿತು. "ಶಾಣ್ಯಾ ಕೂಸು ನೋಡ, ಹೊಂದಿಕೊಂಡ್ತು" ಎಂದು ಬಾಯಿಯವರು ಹಿಗ್ಗಿ, ದಾಖಲೆ ಪುಸ್ತಕದಲ್ಲೂ ಹಾಗೆಯೇ ಬರೆದರು. ನಾಲ್ಕು ದಿನಕ್ಕೆ ಜ್ವರದಿಂದ ಮೈ ಕಾದು, ಕೊರಳು ಸೆಟೆಯಿತು. ಬಾಗಲಕೋಟೆಯ ದವಾಖಾನೆಗೆ ಒಯ್ದಾಗ, ಕಿವಿಯ ಕೀವು ಮಿದುಳಿಗೇರಿದೆ, ತಡವಾಯಿತು ಎಂದರು. ಮೂರನೆಯ ದಿನ ಕೂಸು ತೀರಿಕೊಂಡಿತು. ತಾಯಿ ಬಾಯಿಯವರ ಎದುರು ನಿಂತು ಬಹಳ ಹೊತ್ತು ಏನೋ ಹೇಳಿದಳು. ಬೈದಳೋ, ಕೇಳಿದಳೋ, ಇಂದಿಗೂ ನಮಗೆ ತಿಳಿಯದು.

ಆಮೇಲೆ ಅವರೊಂದು ಕಟ್ಟಳೆ ಮಾಡಿಕೊಂಡರು. ಹೊಸ ಕೂಸು ಬಂದರೆ ತಾಯಿ ಮೊದಲೆರಡು ದಿನ ಅಲ್ಲಿಯೇ ಕೂಡಬೇಕು. ಹೊಟ್ಟೆ, ಕಿವಿ, ಹಲ್ಲು ನೊಂದರೆ ಕೂಸು ಹೇಗೆ ಮಾಡುತ್ತದೆಂದು ಮಾಡಿ ತೋರಿಸಬೇಕು. ಅದನ್ನು ಬಾಯಿಯವರು ತಮ್ಮ ಮೈಮೇಲೆ ಮಾಡಿ ಕಲಿಯುತ್ತಿದ್ದರು. ಗಣಿಯ ಮೇಸ್ತ್ರಿ ಅನಿಲಕುಮಾರ ಒಮ್ಮೆ ಬಾಗಿಲಿಗೆ ಬಂದು ಕೇಳಿದ: "ಹೆಣ್ಮಕ್ಕಳೆಲ್ಲಾ ಇಲ್ಲೇ ಕುಂತ್ರ ಕಲ್ಲು ನೀವು ಹೊರ್ತೀರೇನ್ರಿ, ಬಾಯಾರ?"

"ಹೊರ್ತೇನಿ, ತಗೋ. ಮೊದಲ ಈ ಕೂಸು ನನ್ನ ಕೂಡ ಜಗಳಾ ತಗೀಲಿ. ಆಮ್ಯಾಲ ಅದರವ್ವನ್ನ ಕಳಸ್ತೇನಿ."

ಆಟಿಕೆ ಕಸಿದರೂ ಸುಮ್ಮನಿರುವ ಕೂಸನ್ನು ಅವರು ಮತ್ತೆಂದೂ ಹೊಗಳಲಿಲ್ಲ. ಸೊಂಟಕ್ಕೆತ್ತಿಕೊಂಡು ದವಾಖಾನೆಗೆ ನಡೆದುಬಿಡುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ಏನೂ ಇಲ್ಲವೆಂದು ವೈದ್ಯರು ನಗುತ್ತಿದ್ದರು. ಹತ್ತನೆಯ ಸಲ ಕಾಯಿಲೆ ಸಿಕ್ಕಿ, ಹಾಗೆ ಜೀವ ಉಳಿದ ಮೂರು ಮಕ್ಕಳನ್ನು ನಾನು ಬಲ್ಲೆ. ಆ ಮೂವರನ್ನು ಹೆಸರಿಸಿ ಸಮಾಧಾನ ಹೇಳಹೋದರೆ ಬಾಯಿಯವರು ಎದ್ದು ಒಳಗೆ ಹೋಗುತ್ತಾರೆ.

ಸುಗರಾಬಾಯಿಯವರಿಗೆ ಆಯುಷ್ಯ, ಆರೋಗ್ಯ ಕೂಡಿ ಬರಲಿ, ಮೊಣಕಾಲಿನ ನೋವು ಇಳಿಯಲಿ ಎಂದು ಬೇಡುತ್ತೇನೆ. ವಿಶ್ರಾಂತಿ ಸಿಗಲಿ ಎಂದು ಬರೆಯಲು ಮಾತ್ರ ಕೈ ಬರುತ್ತಿಲ್ಲ. ಅವರು ಬಿಟ್ಟುಹೋದ ಕುರ್ಚಿಯಲ್ಲಿ ಈಗ ನಾನು ಕೂಡುತ್ತೇನೆ. ಹನ್ನೊಂದು ದಿನದ ಹಿಂದೆ ಎರಡು ವರ್ಷದ ಒಂದು ಹೆಣ್ಣು ಕೂಸು ಬಂದಿದೆ. ತಾಯಿಯನ್ನು ಮೇಸ್ತ್ರಿ ಅರ್ಧ ದಿನವೂ ಕೂಡಗೊಡಲಿಲ್ಲ. ಕೂಸು ಉಣ್ಣುತ್ತದೆ, ಮಲಗುತ್ತದೆ, ಒಮ್ಮೆಯೂ ಅತ್ತಿಲ್ಲ. ಎರಡು ಸಲ ದವಾಖಾನೆಗೆ ಒಯ್ದೆ, ಏನೂ ಇಲ್ಲವೆಂದರು. ನನಗೆ ಹೆದರಿಕೆಯಾಗಿದೆ. ಈ ಕೂಸನ್ನ ನೋಡಾಕ ಸೋಮವಾರ ಬರ್ತೀರಲ್ರಿ, ಬಾಯಾರ?