ಮಿಂಚೊ ಬಿಚ್ಚಿದ ಎರಡು ಆಕ್ಸಲ್

ನನ್ನ ಗಂಡ ಮಿಂಚೊ ಮೂವತ್ತು ವರ್ಷ ಟ್ರ್ಯಾಕ್ಟರ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಅಷ್ಟು ವರ್ಷಗಳಲ್ಲಿ ಒಂದು ಸಲವಾದರೂ ‘ನನ್ನಿಂದ ತಪ್ಪಾಯಿತು’ ಅಂದ ಆಸಾಮಿಯಲ್ಲ. ಸೂಪಿಗೆ ಎರಡು ಸಲ ಉಪ್ಪು ಸುರಿದರೂ ತಪ್ಪು ಉಪ್ಪಿನದೇ! ಹಿಂದಿನ ಆಕ್ಸಲ್‌ಗೆ ಕೈ ಹಾಕುವುದಿದ್ದರೆ ನಮ್ಮ ಇಡೀ ದೋಬ್ರಿಚ್ ಊರಿನಲ್ಲಿ ಇವನೊಬ್ಬನೇ ಎಂದು ಜನ ಹೊಗಳಿ ಹೊಗಳಿ ಅವನನ್ನು ಅಟ್ಟಕ್ಕೇರಿಸಿದ್ದರು.

ತೊಂಬತ್ತನೇ ಇಸವಿಯ ಶರತ್ಕಾಲ ಅದು. ಪೆಟ್ರೋಲು ಕೂಪನ್ ಇದ್ದವರಿಗೆ ಮಾತ್ರ. ಪಕ್ಕದ ಮನೆಯ ವೆಲ್ಕೊನ ಹೆಂಡತಿ ರಾದಾಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ವಾರ್ನಾದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಲೇಬೇಕು. ವೆಲ್ಕೊನ ಹಳೇ ಜಿಗುಲಿ ಕಾರಿಗೆ ತಿಂಗಳ ಕೊನೆಯ ಸಲ ಹೋಗಲು ಪೆಟ್ರೋಲು ಸಾಲುತ್ತಿತ್ತು, ಬರಲು ಸಾಲುತ್ತಿರಲಿಲ್ಲ. ಹೀಗೇ ಒಂದು ಸಲ ತಪ್ಪಿಹೋಗಿ ಆಕೆಯ ಮುಖ ಊದಿ, ಉಸಿರಾಡುವುದೇ ಕಷ್ಟವಾಗಿತ್ತು. ಇನ್ನೊಂದು ಸಲ ತಪ್ಪಿದರೆ ಏನಾಗುತ್ತದೆಂದು ಡಾಕ್ಟರು ವೆಲ್ಕೊನಿಗೆ ಬಿಡಿಸಿಯೇ ಹೇಳಿದ್ದರು.

‘ಹಿಂದಿನ ಆಕ್ಸಲ್ ಒಳಗಿನ ಹಲ್ಲುಚಕ್ರದ ಜೋಡಿ, ಕ್ರೌನ್ ಪಿನಿಯನ್, ಬದಲಿಸಿಬಿಡೋಣ ಕಣೋ. ನಿನ್ನ ಪಿನಿಯನ್‌ಗೆ ಹತ್ತು ಹಲ್ಲು. ಹನ್ನೊಂದರದ್ದು ಹಾಕಿದ್ರೆ ಎಂಜಿನ್ ಅಷ್ಟು ಕಡಿಮೆ ಸುತ್ತುತ್ತೆ, ಪೆಟ್ರೋಲೂ ಉಳಿಯುತ್ತೆ,’ ಅಂದ ಮಿಂಚೊ. ಎಲ್ಲೆಲ್ಲೋ ಅಲೆದು ಹೊಸ ಜೋಡಿಯೊಂದನ್ನು ವೆಲ್ಕೊ ತಂದ. ಜೊತೆಗೆ ಪಿನಿಯನ್‌ನ ಬೇರಿಂಗುಗಳ ನಡುವೆ ಕೂರುವ ತೆಳು ಲೋಹದ ಕೊಳವೆ, ಬುಷ್. ಊರಿಗೆಲ್ಲ ಸಿಕ್ಕಿದ್ದು ಅದೊಂದೇ.

ಬುಧವಾರ ಮಧ್ಯಾಹ್ನ. ಮರುದಿನ ಬೆಳಿಗ್ಗೆ ರಾದಾ ಹೊರಡಬೇಕು. ನಾನು ಅಂಗಳದಲ್ಲಿ ಚಳಿಗಾಲಕ್ಕೆಂದು ಕೆಂಪು ಮೆಣಸಿನಕಾಯಿ ಸುಡುತ್ತಿದ್ದೆ.

‘ಏ ಡೋಂಕಾ, ಮೀನು ತೂಗೋ ತಕ್ಕಡಿ ತಗೊಂಡು ಬಾರೇ!’ ಎಂದು, ವೆಲ್ಕೊನ ಕಾರಿನ ಆಕ್ಸಲ್ ಬಿಚ್ಚಿಕೊಂಡು ಕೂತಿದ್ದ ಮಿಂಚೊ ಕೂಗಿದ.

‘ತರ್ತೀನಿ. ಗ್ರೀಸ್ ಮೆತ್ತಿ ವಾಪಸ್ ಕೊಟ್ಟರೆ ನಿನ್ನ ತಲೇನೇ ತೂಗಿಬಿಡ್ತೀನಿ ನೋಡು!’

ನನ್ನ ಸ್ಪ್ರಿಂಗ್ ತಕ್ಕಡಿಯಿಲ್ಲದೆ ಅವನ ಕೆಲಸ ನಡೆಯದು. ಪಿನಿಯನ್‌ನ ಕುತ್ತಿಗೆಗೆ ದಾರ ಸುತ್ತಿ, ದಾರದ ತುದಿಗೆ ತಕ್ಕಡಿ ಸಿಕ್ಕಿಸಿ ನಾನು ಎಳೆಯಬೇಕು. ಅವನು ನಟ್ಟು ಬಿಗಿಯುತ್ತಾ ಹೋದಂತೆ ಒಳಗಿನ ಬುಷ್ ನಲುಗುತ್ತದೆ. ಪಿನಿಯನ್ ತಿರುಗುವಾಗ ಮುಳ್ಳು ಎಂಟರಿಂದ ಒಂಬತ್ತು ಕಿಲೋ ತೋರಿಸಬೇಕು. ಹೆಚ್ಚಾಯಿತೋ, ಬುಷ್ ಕೆಟ್ಟಂತೆಯೇ. ಒಮ್ಮೆ ನಲುಗಿದ್ದು ಮತ್ತೆ ಮೇಲೇಳುವುದಿಲ್ಲ; ಹಳೇ ಜೋಡಿಯನ್ನು ವಾಪಸ್ ಕೂರಿಸಲೂ ಹೊಸ ಬುಷ್ಷೇ ಬೇಕು.

ಮುಳ್ಳು ಐದಕ್ಕೆ ಬಂತು. ಆರೂವರೆ. ವೆಲ್ಕೊ ಅಂಗಳದ ಆಚೆ ಬದಿಯಲ್ಲಿ ಸಿಗರೇಟಿನ ಮೇಲೆ ಸಿಗರೇಟು ಹಚ್ಚುತ್ತಿದ್ದ.

‘ಎಂಟು. ಸಾಕು, ನಿಲ್ಲಿಸು,’ ಅಂದೆ.

‘ನೀನು ಮೆಣಸಿನಕಾಯಿ ಸುಡು ಹೋಗು. ನಾನು ಒಂಬತ್ತಕ್ಕೇ ನಿಲ್ಲಿಸೋದು, ಯಾವತ್ತೂ.’

ಉದ್ದನೆಯ ಸ್ಪ್ಯಾನರಿಗೆ ಮೈಭಾರ ಬಿಟ್ಟ. ನಾನು ದಾರ ಎಳೆದೆ. ಮುಳ್ಳು ಹದಿಮೂರಕ್ಕೆ ಹೋಗಿ ನಿಂತಿತು.

ನೋಡಿದ್ದು ನಾವಿಬ್ಬರೇ. ಹಾಗೇ ಬಿಟ್ಟರೆ ಬೇರಿಂಗು ದಾರಿಯಲ್ಲಿ ಕಾದು ಕಚ್ಚಿಕೊಳ್ಳುತ್ತದೆ. ನಟ್ಟು ತುಸು ಸಡಿಲಿಸಿದರೆ ತಕ್ಕಡಿಯೇನೋ ಒಂಬತ್ತೇ ತೋರಿಸುತ್ತದೆ, ಆದರೆ ಬುಷ್ಷಿನ ಬಿಗಿ ಹೋಗಿರುತ್ತದೆ. ವಾರ್ನಾ ದಾರಿಯಲ್ಲಿ ನಟ್ಟು ಕಳಚಿ ಚಕ್ರ ಹಿಡಿದುಕೊಂಡರೆ ಒಳಗೆ ರಾದಾ ಕೂತಿರುತ್ತಾಳೆ. ಮಿಂಚೊ ಸ್ಪ್ಯಾನರನ್ನು ಹಿಂದಕ್ಕೆ ತಿರುಗಿಸಲು ಹಿಡಿದ. ನನ್ನ ಮುಖ ನೋಡಿದ. ನಾನು ದಾರ ಬಿಡಲಿಲ್ಲ.

ಸ್ಪ್ಯಾನರು ನೆಲಕ್ಕೆ ಬಿತ್ತು.

‘ವೆಲ್ಕೊ, ಬಾರೋ ಇಲ್ಲಿ. ಕೆಡಿಸಿಬಿಟ್ಟೆ. ಇವಳು ಸಾಕು ಅಂದ್ಲು, ನಾನೇ ಕೇಳಲಿಲ್ಲ.’

‘ಅಯ್ಯೋ ಅಣ್ಣಾ, ನಾಳೆ ಅವಳನ್ನ ಹೇಗೆ ಕರ್ಕೊಂಡು ಹೋಗ್ಲಿ?’ ಎಂದು ವೆಲ್ಕೊ ಅಲ್ಲೇ ಕುಸಿದು ಕೂತ.

ಇಷ್ಟು ಹೊತ್ತು ನಾನು ನಿಮ್ಮಿಂದ ಮುಚ್ಚಿಟ್ಟ ಮಾತೊಂದಿದೆ. ಹಿತ್ತಲ ಶೆಡ್ಡಿನಲ್ಲಿ ನಮ್ಮದೂ ಒಂದು ಜಿಗುಲಿ ಇತ್ತು, ವೆಲ್ಕೊನದಕ್ಕಿಂತ ಹೊಸದು. ಅದರ ಪಿನಿಯನ್‌ಗೆ ಹನ್ನೊಂದೇ ಹಲ್ಲು. ಎಂಟು ಬೋಲ್ಟ್ ಬಿಚ್ಚಿದರೆ ಕ್ರೌನ್ ಪಿನಿಯನ್ ಇಡೀ ಗಂಟಾಗಿ ಹೊರಬರುತ್ತದೆ, ವೆಲ್ಕೊನ ಕಾರಿಗೆ ಹಾಗೇ ಕೂರುತ್ತದೆ. ಅದನ್ನು ಮಿಂಚೊನೇ ತನ್ನ ಕೈಯಾರೆ ಕೂರಿಸಿದ್ದ. ಸದ್ದೇ ಇರಲಿಲ್ಲ. ಭಾನುವಾರ ಅದರಲ್ಲೇ ಸಮುದ್ರಕ್ಕೆ ಹೋಗಿ ಮೀನು ತರುತ್ತಿದ್ದೆವು. ವೆಲ್ಕೊನಿಗೆ ನಮ್ಮ ಕೂಪನ್ನಿನಿಂದ ಐದು ಲೀಟರ್ ಕೊಟ್ಟು ದೊಡ್ಡ ಮನುಷ್ಯರಾಗಿದ್ದೆವು.

ಮಿಂಚೊ ಎದ್ದು ಶೆಡ್ಡಿನ ಕಡೆ ನಡೆದ.

‘ನಾಳೆ ಒಂದು ದಿನ ನಮ್ಮ ಕಾರಲ್ಲೇ ಕರ್ಕೊಂಡು ಹೋಗಬಹುದಲ್ಲ,’ ಅಂದೆ. ನಾಚಿಕೆಗೆಟ್ಟವಳು ನಾನು, ಅಷ್ಟಾದ ಮೇಲೂ ಅಂದೆ.

‘ಆಮೇಲೆ? ಬರೋ ತಿಂಗಳು? ಜ್ಯಾಕ್ ಹಿಡಿ.’

ಕತ್ತಲಾಗುವ ಮೊದಲೇ ನಮ್ಮದು ಬಿಚ್ಚಿ ಅವರದಕ್ಕೆ ಕೂರಿಸಿದರು. ನಮ್ಮ ಕಾರು ಶೆಡ್ಡಿನಲ್ಲಿ ಇಟ್ಟಿಗೆಗಳ ಮೇಲೆ ಕೂತಿತು.

ಬೆಳಿಗ್ಗೆ ವೆಲ್ಕೊ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿದ. ಒಳಗಿದ್ದ ರಾದಾ ಗಾಜು ಇಳಿಸಿ ನಕ್ಕಳು. ‘ಸದ್ದೇ ಇಲ್ವಲ್ಲ ಅಣ್ಣಾ! ಇಷ್ಟು ಒಳ್ಳೇದು ರಾತ್ರೋರಾತ್ರಿ ಎಲ್ಲಿಂದ ಸಿಕ್ತು?’

‘ನಮ್ಮ ಕಾರಲ್ಲೇ ಇತ್ತಮ್ಮ. ಮೊದಲಿಂದಲೂ ಇತ್ತು,’ ಅಂದ ಮಿಂಚೊ.

ರಾದಾ ಅವನನ್ನು ನೋಡಿದಳು, ನನ್ನನ್ನೂ ನೋಡಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ನಿಧಾನವಾಗಿ ಗಾಜು ಏರಿಸಿದಳು.

‘ಹೊರಡು ವೆಲ್ಕೊ, ಹೊತ್ತಾಗುತ್ತೆ,’ ಎಂದು ಅವಳು ಒಳಗಿನಿಂದ ಅಂದದ್ದು ಕೇಳಿಸಿತು.