ಷಡ್ಡಕನ ಹೆಸರಿನ ಬ್ಯಾಟು

ಪಕ್ಕದ ಮನೆಯವರು ಹೊಸ ಬಾಗಿಲು ಕೂಡಿಸಿದ್ದಾರೆ. ಬಡಿಗ ನಿನ್ನೆಯಿಂದ ಅದಕ್ಕೆ ಅಗಸೆ ಎಣ್ಣೆ ತಿಕ್ಕುತ್ತಿದ್ದಾನೆ. ಅಗಸೆ ಎಣ್ಣೆಯ ವಾಸನೆ ಬಂದರೆ ನಿಮಗೆ ಬಾಗಿಲು ನೆನಪಾದೀತು, ಇಲ್ಲವೆ ಚಟ್ನಿ ನೆನಪಾದೀತು. ನನ್ನ ವಿಷಯ ಹಾಗಲ್ಲ. ಅದು ಮೂಗಿನಿಂದ ನೆಟ್ಟಗೆ ಹೊಟ್ಟೆಗಿಳಿದು, ಅಲ್ಲಿ ಬೂದಿ ಮುಚ್ಚಿಕೊಂಡು ಕೂತಿರುವ ಹಳೆಯ ಕೆಂಡವೊಂದರ ಮೇಲೆ ಬೀಳುತ್ತದೆ. ಆಮೇಲೆ ಆ ದಿನ ನಾನು ಯಾರೊಡನೆಯೂ ಸರಿಯಾಗಿ ಮಾತಾಡುವುದಿಲ್ಲ.

ಹೊಟ್ಟೆಕಿಚ್ಚು ಎಂದರೇನೆಂದು ಅರಿಯದ ಪುಣ್ಯವಂತರು ಇಲ್ಲಿಗೇ ಓದುವುದನ್ನು ಬಿಟ್ಟು ಬೇರೆ ಒಳ್ಳೆಯ ಕೆಲಸಕ್ಕೆ ಹೋಗಬಹುದು. ಉಳಿದವರು ಹತ್ತಿರ ಬಂದು ಕೂಡಿರಿ. ಈ ವಿಷಯದಲ್ಲಿ ನನ್ನ ಅಭ್ಯಾಸ ಸಾಕಷ್ಟು ಆಳವಾದದ್ದು. ಅಣ್ಣತಮ್ಮಂದಿರ ಹೊಟ್ಟೆಕಿಚ್ಚಿಗೆ ಹೊಲದ ಬದುವಿನಂಥ ಒಂದು ಕಾರಣ ಇರುತ್ತದೆ. ಅಂಗಡಿಕಾರರದಕ್ಕೆ ಗಿರಾಕಿಗಳ ಕಾರಣ. ಷಡ್ಡಕರ ಹೊಟ್ಟೆಕಿಚ್ಚಿಗೆ ಮಾತ್ರ ಯಾವ ಲಾಭದ ಸೋಂಕೂ ಇಲ್ಲ. ಅದು ಶುದ್ಧವಾದದ್ದು, ನಿಷ್ಕಾಮವಾದದ್ದು. ಅಸಂಗಿಯ ಒಂದೇ ಮನೆಯ ಅಕ್ಕನನ್ನು ನಾನು, ತಂಗಿಯನ್ನು ಸನಮಡಿಯ ಬಸಲಿಂಗಪ್ಪ ಮದುವೆಯಾಗಿದ್ದೆವು. ಅತ್ತೆಯ ಮನೆಯ ಪಂಕ್ತಿಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತರೆ ನನ್ನ ಹೋಳಿಗೆಯ ಮೇಲೆ ತುಪ್ಪ ಎರಡು ಸಲ ಬೀಳುತ್ತಿತ್ತು, ಅವನದರ ಮೇಲೆ ಮೂರು ಸಲ. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಎಣಿಸಲು ತಲೆ ಎತ್ತುವ ಅವಶ್ಯಕತೆಯಿರಲಿಲ್ಲ. ಚಮಚದ ಸಪ್ಪಳವೇ ಸಾಕಾಗಿತ್ತು.

ಬಸಲಿಂಗಪ್ಪ ನೋಡಲಿಕ್ಕೆ ಎತ್ತರ, ಮಾತಿಗೆ ಕಡಿಮೆ, ನಗೆಗೆ ಮುಂದು. ಅವನನ್ನು ದ್ವೇಷಿಸಲು ಒಂದು ಅನುಕೂಲವನ್ನೂ ಅವನು ಒದಗಿಸಿಕೊಡುತ್ತಿರಲಿಲ್ಲ. ಇದು ನನಗೆ ಅವನ ಮೇಲಿದ್ದ ಮೊದಲ ತಕರಾರು.

ಆಗ ನನಗೆ ಜತ್ತದ ಪೇಟೆಯಲ್ಲಿ ಒಂದು ಸಣ್ಣ ಬಟ್ಟೆ ಅಂಗಡಿ, ಕುಣಿಕೋಣೂರ ಹಾದಿಗೆ ಒಂದು ತುಂಡು ಎರೆ ಹೊಲ. ಪೇಟೆಯ ಹಿಂದೆ ಒಬ್ಬ ಇನಾಮದಾರರ ವಾಡೆಯಿತ್ತು. ಇನಾಮದಾರರಿಗೆ ಆಟದ ಹುಚ್ಚು. ಅವರು ಆಡುತ್ತಿದ್ದದ್ದು ಕಡಿಮೆ, ತರಿಸುತ್ತಿದ್ದದ್ದು ಹೆಚ್ಚು. ಮುಂಬಯಿಯಿಂದ ಪೆಟ್ಟಿಗೆಗಳು ಬರುತ್ತಿದ್ದವು. ಬಿಲಿಯರ್ಡ್ಸ್ ಮೇಜು, ಟೆನಿಸ್ ಬಲೆ, ಬಾಕ್ಸಿಂಗ್ ಕೈಗವಸು, ಯಾರೋ ಯಾವಾಗಲೋ ಗೆದ್ದ ಬೆಳ್ಳಿಯ ಕಪ್ಪುಗಳು, ಅವರ ಅಜ್ಜ ಹೊಡೆದ ಚಿಗರಿಯ ತಲೆ, ಎಲ್ಲವೂ ದಿವಾಣಖಾನೆಯಲ್ಲಿ ಸಾಲಾಗಿ ಇದ್ದವು. ಕ್ರಿಕೆಟ್ಟಿಗೆ ಮಾತ್ರ ಹನ್ನೊಂದು ಜನ ಬೇಕಲ್ಲ. ಅದಕ್ಕಾಗಿ ಅವರು ಪೇಟೆಯಲ್ಲಿ ಕೈಕಾಲು ಸರಿಯಿದ್ದವರನ್ನು ಹಿಡಿಸಿ ತರಿಸುತ್ತಿದ್ದರು. ಹಾಗೆ ಹಿಡಿತಕ್ಕೆ ಸಿಕ್ಕವರಲ್ಲಿ ನಾನೊಬ್ಬ. ಎತ್ತಿನ ಹಿಂಡಿ ಒಯ್ಯಲು ಬಂದಿದ್ದ ಬಸಲಿಂಗಪ್ಪ ಇನ್ನೊಬ್ಬ.

ಒಮ್ಮೆ ಸಾಂಗಲಿಯಿಂದ ವಕೀಲರ ತಂಡವೊಂದು ನಮ್ಮೊಡನೆ ಆಡಲು ಬಂತು. ನಾನು ಕಚ್ಚೆ ಬಿಗಿದು, ಇನಾಮದಾರರು ಕೊಟ್ಟ ಹೊಸ ಬ್ಯಾಟು ಹಿಡಿದು ನಿಂತೆ. ಮುಕ್ಕಾಲು ಗಂಟೆ ನಿಂತೆ. ಏಳು ರನ್ನು ಮಾಡಿದೆ. ಏಳೇ ಎಂದು ನಗಬೇಡಿ. ನನ್ನ ಆಟ ಕೋಟೆ ಕಾಯುವವನ ಆಟ. ಕೋಟೆ ಕಾಯುವವನು ಓಡಾಡುವುದಿಲ್ಲ. ಕೊನೆಗೆ ಗೆಲ್ಲಲು ನಾಲ್ಕು ರನ್ನು ಬೇಕಾದಾಗ ನನ್ನೆದುರಿಗೆ ಬಂದು ನಿಂತ ಕೊನೆಯ ಆಟಗಾರ ಬಸಲಿಂಗಪ್ಪ. ಅವನ ಬ್ಯಾಟಿನ ಹಿಡಿಕೆ ಸಡಿಲಾಗಿತ್ತು. “ಅಣ್ಣಾರ, ನಿಮ್ದ ಒಂದ ಗಳಿಗಿ ಕೊಡ್ರಿ” ಎಂದ. ಕೊಟ್ಟೆ. ಅವನು ಕಣ್ಣು ಮುಚ್ಚಿ ಬೀಸಿದ. ಕಣ್ಣು ಮುಚ್ಚಿದ್ದನ್ನು ನಾನು ಸ್ಪಷ್ಟವಾಗಿ ಕಂಡೆ, ಯಾವ ನ್ಯಾಯಾಲಯದಲ್ಲಿ ಬೇಕಾದರೂ ಸಾಕ್ಷಿ ಹೇಳಬಲ್ಲೆ. ಚೆಂಡು ಕಳ್ಳಿಯ ಬೇಲಿ ದಾಟಿ ಜೋಳದ ಹೊಲದಲ್ಲಿ ಬಿದ್ದದ್ದು ಮತ್ತೆ ಯಾರಿಗೂ ಸಿಗಲಿಲ್ಲ.

ಇನಾಮದಾರರು ಅವನನ್ನು ಅಪ್ಪಿಕೊಂಡರು. ಎಂಟು ದಿನದಲ್ಲಿ ಆ ಬ್ಯಾಟಿಗೆ ಬೆಳ್ಳಿಯ ತಗಡು ಬಡಿಸಿ, ಅದರ ಮೇಲೆ ಬಸಲಿಂಗಪ್ಪನ ಹೆಸರು ಕೆತ್ತಿಸಿ, ಚಿಗರಿಯ ತಲೆಯ ಕೆಳಗೆ ತೂಗುಹಾಕಿದರು. ನನ್ನ ಬ್ಯಾಟು. ನನ್ನ ಕೈಬೆವರು ಇನ್ನೂ ಆರಿರದ ಬ್ಯಾಟು.

ಮುಂದೆ ನಮ್ಮ ಸೀಮೆಯ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತದಲ್ಲಿ ಕೂಡಿಹೋದವು. ಎರಡು ವರ್ಷದೊಳಗೆ ಇನಾಮದಾರರೂ ಪುಣೆಗೆ ಹೊರಟರು. ಆಟದ ಸಾಮಾನೆಲ್ಲ ಲಿಲಾವಿಗೆ, ಎಂದರೆ ಹರಾಜಿಗೆ, ಬಂತು. ಸುದ್ದಿ ಕೇಳಿದೊಡನೆ ನನ್ನ ಕಣ್ಣ ಮುಂದೆ ಬಂದದ್ದು ಒಂದೇ ಚಿತ್ರ. ಬಸಲಿಂಗಪ್ಪ ಆ ಬ್ಯಾಟು ಕೊಂಡು ಸನಮಡಿಯ ತನ್ನ ಪಡಸಾಲೆಯಲ್ಲಿ ತೂಗುಹಾಕುತ್ತಾನೆ. ಅತ್ತೆ-ಮಾವ ಬರುತ್ತಾರೆ, ಬೀಗರು ಬರುತ್ತಾರೆ, ಎಲ್ಲರೂ ತಲೆ ಎತ್ತಿ ಓದುತ್ತಾರೆ. ನಾನೂ ಬದುಕಿರುವವರೆಗೂ ಹಬ್ಬಹಬ್ಬಕ್ಕೆ ಅದರ ಕೆಳಗೆ ಕೂತು ಉಣ್ಣಬೇಕು. ಆ ಬ್ಯಾಟು ಅವನಿಗೆ ಸಿಗಕೂಡದು. ಅದನ್ನು ನಾನೇ ಕೊಂಡು, ಆ ಹೆಸರನ್ನು ಕೆರೆಸಿಬಿಡಬೇಕು ಎಂದು ಶಪಥ ಮಾಡಿದೆ. ಮಹಾಯುದ್ಧಗಳಿಗೆ ಇದಕ್ಕಿಂತ ಸಣ್ಣ ಕಾರಣಗಳು ಇದ್ದವೆಂದು ಆಗ ನನಗೆ ಸಮಾಧಾನವಿತ್ತು.

ಲಿಲಾವಿನ ದಿನ ಅಮಾವಾಸ್ಯೆ. ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಾದ್ದರಿಂದ ಸುತ್ತಲಿನ ರೈತರೆಲ್ಲ ಬಿಡುವಾಗಿ ಬಂದು ವಾಡೆಯ ಅಂಗಳ ತುಂಬಿದ್ದರು. ಸಾಂಗಲಿಯಿಂದ ಬಂದ ಲಿಲಾವಿನವನು ಗಂಟೆ ಬಾರಿಸಿ, ಟೆನಿಸ್ ಬಲೆಯನ್ನು ಎತ್ತಿ ಹಿಡಿದು ಮರಾಠಿಯಲ್ಲಿ ಕೂಗಿದ. ಯಾರೂ ತುಟಿ ಬಿಚ್ಚಲಿಲ್ಲ. ಮತ್ತೆ ಕೂಗಿದ. ಜನ ಅವನ ಮುಖವನ್ನೇ ಕನಿಕರದಿಂದ ನೋಡಿದರು. ಅವನು ನಮ್ಮನ್ನು ಬಡವರೆಂದು ತಿಳಿದಿರಬೇಕು. ಅದು ಬಡತನವಲ್ಲ, ಮರ್ಯಾದೆ. ನಮ್ಮ ಸೀಮೆಯಲ್ಲಿ ಬೆಲೆಯನ್ನು ಬಾಯಿಂದ ಆಡುತ್ತಿರಲಿಲ್ಲ. ಎತ್ತಿನ ಸಂತೆಯಲ್ಲಿ ದಲಾಲಿ ಕೈಮೇಲೆ ಟವೆಲ್ಲು ಹೊದಿಸಿಕೊಂಡು ಕೂಡುತ್ತಾನೆ. ಕೊಳ್ಳುವವನು ಅದರೊಳಗೆ ಕೈ ಹಾಕಿ ಅವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು, ಎಷ್ಟು ಸಲ ಹಿಚುಕಿದ ಎನ್ನುವುದೇ ಬೆಲೆ. ಅದು ಅವರಿಬ್ಬರಿಗೆ ಮತ್ತು ಟವೆಲ್ಲಿಗೆ ಮಾತ್ರ ಗೊತ್ತು. ಟವೆಲ್ಲಿನೊಳಗಿನ ಮಾತನ್ನು ಹೊರಗೆ ಆಡಿದ ದಲಾಲಿಯನ್ನು ಮರುದಿನದಿಂದ ಯಾರೂ ಕರೆಯುವುದಿಲ್ಲ.

ಕಡೆಗೆ ಎತ್ತಿನ ದಲಾಲಿ ಸಿದ್ದಪ್ಪನೇ ಎದ್ದು, “ಸಾಹೇಬ್ರ, ಹಿಂಗ ಒದರಿದ್ರ ನಮ್ಮ ಮಂದಿ ಸಂಜಿಮಟಾ ಕುಂತು ನಿಮ್ಮ ಹಾಡ ಕೇಳಿ ಎದ್ದು ಹೊಕ್ಕಾರ. ಕೈ ನನ್ನ ಕಡೆ ಬಿಡ್ರಿ, ಗಂಟಿ ನೀವ ಇಟ್ಟುಕೊಳ್ರಿ” ಎಂದ. ಲಿಲಾವಿನವನಿಗೆ ಬೇರೆ ದಾರಿ ಇರಲಿಲ್ಲ. ಸಿದ್ದಪ್ಪ ಕಟ್ಟೆಯ ಮೇಲೆ ಟವೆಲ್ಲು ಹರಡಿ ಕೂತ. ಆಮೇಲೆ ವ್ಯಾಪಾರ ಹೊಳೆಯಂತೆ ಹರಿಯಿತು.

ಟೆನಿಸ್ ಬಲೆಯನ್ನು ಒಬ್ಬರು ಜೋಳದ ಕಣಿಕೆ ಹೇರುವ ಬಂಡಿಗೆ ಕಟ್ಟಲು ಒಯ್ದರು. ಬಿಲಿಯರ್ಡ್ಸ್ ಕೋಲುಗಳನ್ನು ಕುಣಿಕೋಣೂರಿನ ಕುರುಬನೊಬ್ಬ ಒಂದೊಂದಾಗಿ ನೆಲಕ್ಕೆ ಬಡಿದು ನೋಡಿ, “ಕುರಿಗೆ ಹಗರ ಆಕ್ಕಾವು, ತ್ವಾಳಕ್ಕ ನಡೀತಾವು” ಎಂದು ಎರಡು ಆರಿಸಿದ. ಕ್ರಿಕೆಟ್ಟಿನ ಕಾಲುಕವಚಗಳು ಜಾಲಿಮುಳ್ಳು ಕಡಿಯುವವನ ಪಾಲಾದವು. ಬಾಕ್ಸಿಂಗ್ ಗವಸುಗಳನ್ನು ಕೈಗೋ ಕಾಲಿಗೋ ಎಂಬ ಬಗ್ಗೆ ಒಮ್ಮತ ಬರದೆ ಹಾಗೇ ಬಿಟ್ಟರು. ಬಿಲಿಯರ್ಡ್ಸ್ ಮೇಜು ಬಾಗಿಲಲ್ಲಿ ಹಿಡಿಸಲಿಲ್ಲ. ದರ್ಜಿಯೊಬ್ಬ ಅದರ ಮೇಲ್ಹಾಸಿನ ಹಸಿರು ಬನಾತು ಬಟ್ಟೆಯನ್ನಷ್ಟೇ ಸುಲಿದುಕೊಂಡು ಹೋದ.

ಬ್ಯಾಟು ಬಂತು. ನಾನು ಎದ್ದು ಹೋಗಿ ಟವೆಲ್ಲಿನೊಳಗೆ ಕೈಯಿಟ್ಟು ಸಿದ್ದಪ್ಪನ ಒಂದು ಬೆರಳು ಹಿಡಿದೆ. ಬಂದು ಕೂತೆ. “ಏರೈತಿ ನೋಡ್ರಿ, ಇನ್ನ ಯಾರ ಬರ್ತೀರಿ?” ಎಂದು ಸಿದ್ದಪ್ಪ ಕೇಳಿದ. ಆಗ ಅಂಗಳದ ಆ ಬದಿಯಿಂದ ಬಸಲಿಂಗಪ್ಪ ಎದ್ದು ಬಂದು ಟವೆಲ್ಲಿನೊಳಗೆ ಕೈಯಿಟ್ಟ. ಏನೋ ಹಿಚುಕಿದ. ನಕ್ಕು ಹೋಗಿ ಕೂತ. ಸಿದ್ದಪ್ಪ ಮತ್ತೆ, “ಏರೈತಿ ನೋಡ್ರಿ, ಯಾರ ಬರ್ತೀರಿ?” ಎಂದ.

ಓದುಗರೇ, ನನ್ನ ಕಿವಿ ಬಿಸಿಯಾದವು. ಹೋಗಿ ಎರಡು ಬೆರಳು ಹಿಡಿದೆ. ಸಿದ್ದಪ್ಪ ನನ್ನ ಮುಖವನ್ನು ಒಂದು ನಮೂನೆಯಾಗಿ ನೋಡಿ, “ಸಾವಕಾರ್ರ, ಇಚಾರ ಮಾಡಿ ಹಿಡೀರಿ” ಎಂದ. “ನಿಂದ ನೀ ನೋಡಪಾ, ಏರಿಸ್ದವರಿಗೆ ಹೇಳ ಅದನ” ಎಂದೆ. ಅವನು ನಿಟ್ಟುಸಿರು ಬಿಟ್ಟು ಮತ್ತೆ “ಏರೈತಿ” ಎಂದ. ಮತ್ತೆ ಬಸಲಿಂಗಪ್ಪ ಎದ್ದ. ಮತ್ತೆ ನಾನು. ಹೀಗೆ ನಾಲ್ಕು ಸಲ. ಕಡೆಯ ಸಲ ನಾನು ಸಿದ್ದಪ್ಪನ ಐದೂ ಬೆರಳನ್ನು ಹಿಡಿದು, ಅವನ ಕಣ್ಣಲ್ಲಿ ನೀರು ಬರುವ ಹಾಗೆ ಹಿಚುಕಿದೆ. ಬಸಲಿಂಗಪ್ಪ ಮೇಲೇಳಲಿಲ್ಲ. ಲಿಲಾವಿನವನು ಗಂಟೆ ಬಾರಿಸಿದ. “ಏಕ ವಾರ, ದೋನ ವಾರ, ತೀನ ವಾರ.” ಒಂದು ತಿಂಗಳು ಸೀರೆ ಮಾರಿದರೆ ಉಳಿಯುವಷ್ಟನ್ನು ತೆತ್ತು ನಾನು ಗೆದ್ದೆ.

ಬ್ಯಾಟನ್ನು ಬಗಲಲ್ಲಿಟ್ಟುಕೊಂಡು, ಸೋತವನ ಮುಖ ನೋಡುವ ಸುಖಕ್ಕಾಗಿ ನೆಟ್ಟಗೆ ಬಸಲಿಂಗಪ್ಪನ ಕಡೆಗೆ ನಡೆದೆ. ಅವನು ಸಂತೋಷದಿಂದ ಎದ್ದು ಬಂದ.

“ಅಣ್ಣಾರ, ನೋಡ್ರಿ, ಕುದುರ್ತು!” ಎಂದು ವಾಡೆಯ ಹೆಬ್ಬಾಗಿಲ ಆಚೆ ಕೈ ತೋರಿಸಿದ. ಅಲ್ಲಿ ಒಂದು ಜೋಡಿ ಬಿಳಿಯ ಖಿಲಾರಿ ಎತ್ತು ನಿಂತಿದ್ದವು. “ಮಾಲಕ ಇಲ್ಲೇ ಬಂದಿದ್ದ. ಸಿದ್ದಪ್ಪ ಹೆಂಗೂ ಟಾವೆಲ್ ಹಾಕ್ಕೊಂಡ ಕುಂತಾನಲ್ಲಾ, ಇದರಾಗ ಅದೂ ಮುಗಸೂಣು ಅಂದೆ. ನಾಕ ಸಲ ಎದ್ದು ಹೋಗಬೇಕಾತು ನೋಡ್ರಿ.”

ಆ ಬ್ಯಾಟಿಗೆ ಇಡೀ ಅಂಗಳದಲ್ಲಿ ಒಬ್ಬನೇ ಗಿರಾಕಿಯಿದ್ದ. ಆ ಒಬ್ಬನೇ ನಾಲ್ಕು ಸಲ ತನ್ನ ಮೇಲೆ ತಾನೇ ಏರಿಸಿಕೊಂಡಿದ್ದ. ಬಸಲಿಂಗಪ್ಪ ಕೂತ ಮೇಲೆ ಕೇಳಿದ ‘ಏರೈತಿ’ ಎತ್ತಿನದು. ಸಿದ್ದಪ್ಪನಿಗೆ ಎಲ್ಲವೂ ಗೊತ್ತಿತ್ತು, ಟವೆಲ್ಲಿನೊಳಗಿನ ಮಾತಾದ್ದರಿಂದ ಬಾಯಿ ಬಿಡುವಂತಿರಲಿಲ್ಲ. ದುಡ್ಡು ಹೋದದ್ದಕ್ಕೆ ನಾನು ಅಷ್ಟು ಕುದಿಯಲಿಲ್ಲ. ನಾನು ಯಾವನ ವಿರುದ್ಧ ಇಷ್ಟು ವರ್ಷ ತಾಲೀಮು ಮಾಡಿದ್ದೆನೋ ಆ ಮನುಷ್ಯ ಕಣಕ್ಕೇ ಇಳಿದಿರಲಿಲ್ಲ. ಅವನಿಗೆ ಬೇಕಾದದ್ದು ಎತ್ತು. ನನ್ನಂಥವನೊಬ್ಬ ತನ್ನ ಮೇಲೆ ಉರಿಯುತ್ತಿದ್ದಾನೆಂಬ ಅರಿವೂ ಅವನಿಗಿಲ್ಲ. ಹೊಟ್ಟೆಕಿಚ್ಚಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಅಷ್ಟರಲ್ಲಿ ಅವನ ಕಣ್ಣು ತಗಡಿನ ಮೇಲೆ ಬಿತ್ತು. ಮೆಲ್ಲಗೆ ಕೇಳಿದ. “ಇದಕ್ಕೇನ್ರಿ ನೀವು ಅಷ್ಟ ಸಲ ಎದ್ದದ್ದು? ನನ್ನ ಹೆಸರ ಮಂದಿ ಕೈಗೆ ಹೋಗಬಾರದಂತ?”

“ಹೂಂ” ಎಂದೆ.

ಅಲ್ಲಿಂದ ನೆಟ್ಟಗೆ ಬೆಳ್ಳಿಬಂಗಾರದ ಕೆಲಸದ ಪತ್ತಾರ ಮಾನಪ್ಪನ ಮನೆಗೆ ಹೋಗಿ, ಈ ಹೆಸರನ್ನು ಈಗಿಂದೀಗ ಅರದಿಂದ ಉಜ್ಜಿ ತೆಗೆ ಎಂದೆ. ಮಾನಪ್ಪ ಬ್ಯಾಟನ್ನು ತಿರುವಿ ನೋಡಿ, “ಅಮಾಸಿ ದಿನ ಅರ ಮುಟ್ಟಂಗಿಲ್ರಿ, ನಾಳಿ ಬರ್ರಿ” ಎಂದ. ಮನೆಗೆ ತಂದೆ. ನನ್ನ ಹೆಂಡತಿ ಗಂಗವ್ವ ಉದ್ದೇಶ ಕೇಳಿ ಸೆರಗು ಸೊಂಟಕ್ಕೆ ಸಿಗಿಸಿದಳು. “ಬದುಕಿದ್ದ ಮನಷ್ಯಾನ ಹೆಸರ ಕೆರಸ್ತಾರೇನ್ರಿ? ನನ್ನ ತಂಗಿ ಕೊಳ್ಳಾಗ ತಾಳಿ ಐತಿ. ನೀವ ಕೆರಸೂದಿದ್ರ ಮದಲ ನನ್ನ ತವರಿಗೆ ಕಳಸ್ರಿ.” ಬ್ಯಾಟನ್ನು ಕಿತ್ತುಕೊಂಡು ಒರೆಸಿ, ನಮ್ಮದೇ ಪಡಸಾಲೆಯ ಗೂಟಕ್ಕೆ ತೂಗುಹಾಕಿದಳು. ಅವನ ಪಡಸಾಲೆಯಲ್ಲಿ ಅದನ್ನು ಹಬ್ಬಕ್ಕೊಮ್ಮೆ ನೋಡಬೇಕಾಗುತ್ತಿತ್ತು. ಈಗ ದಿನಾಲೂ ಎರಡು ಹೊತ್ತು ಅದರ ಕೆಳಗೆ ಕೂತು ಉಣ್ಣುವ ಯೋಗ ನನ್ನದಾಯಿತು.

ಆ ವರ್ಷ ಉತ್ತರಿ ಮಳೆ ಹಸಿ ಹಿಡಿಸಿದ ಮರುದಿನವೇ ಬಸಲಿಂಗಪ್ಪನ ಹೊಸ ಎತ್ತುಗಳು, ಕೂರಿಗೆ ಸಹಿತ, ಕುಣಿಕೋಣೂರ ಹಾದಿಯ ನನ್ನ ಹೊಲದಲ್ಲಿ ನಿಂತಿದ್ದವು. ತನ್ನ ಹೊಲ ಬಿತ್ತುವ ಮೊದಲು ನನ್ನದು. ಮುಂದಿನ ವರ್ಷವೂ ಹಾಗೆ. ಅದರ ಮುಂದಿನ ವರ್ಷವೂ. ಆ ಜೋಡಿ ಮುದಿಯಾಗಿ ಬೇರೆ ಜೋಡಿ ಬಂದವು, ಅವೂ ಹೋದವು. ನನ್ನ ಹೊಲದ ಸರದಿ ಮಾತ್ರ ತಪ್ಪಲಿಲ್ಲ. ಬಂದಾಗೊಮ್ಮೆ ಒಂದು ಬಾಟಲಿ ಅಗಸೆ ಎಣ್ಣೆ ತಂದು ತಾನೇ ಬ್ಯಾಟಿಗೆ ತಿಕ್ಕುತ್ತಾನೆ. ನಾನು ಪಕ್ಕದಲ್ಲಿ ಕೂತು ಅವನ ಒಳ್ಳೆಯತನವನ್ನು ನೋಡಿ ಉರಿಯುತ್ತೇನೆ. ರನ್ನಿನಲ್ಲಿ ಸೋತದ್ದು, ತುಪ್ಪದಲ್ಲಿ ಸೋತದ್ದು ತಡೆದುಕೊಳ್ಳಬಹುದು. ನಾನು ಇವನಿಗಿಂತ ಕೆಟ್ಟವನೆಂದು ವರ್ಷವರ್ಷ ಗೊತ್ತಾಗುತ್ತ ಹೋಗುವುದು ಬಲು ಕಷ್ಟ.

ಈ ಹೊತ್ತು ಮಧ್ಯಾಹ್ನ ಅವನು ಬಂದ. ಈಗ ಅವನಿಗೂ ಕೋಲು ಬೇಕು. ಬಡಿಗನ ಎಣ್ಣೆಯ ವಾಸನೆ ನಿನ್ನೆಯಿಂದ ನನ್ನನ್ನು ಅರೆದಿತ್ತು. ಚಹಾ ಬರುವ ಮೊದಲೇ ಹೇಳಿಬಿಟ್ಟೆ.

“ಬಸಲಿಂಗ, ಆ ಬ್ಯಾಟ ನಾ ನಿನ್ನ ಸಲುವಾಗಿ ತಗೊಂಡಿದ್ದಿಲ್ಲೋ. ನಿನ್ನ ಹೆಸರ ಕೆರಸಾಕ ತಗೊಂಡಿದ್ದೆ.”

“ಗೊತ್ತೈತ್ರಿ” ಎಂದ.

“ಯಾವಾಗಿಂದ?”

“ಅವತ್ತ ಸಂಜಿಯಿಂದ. ಎತ್ತ ಹೊಡ್ಕೊಂಡ ಹೊಂಟಿದ್ದೆ, ಪತ್ತಾರ ಮಾನಪ್ಪ ಹಾದ್ಯಾಗ ಸಿಕ್ಕಿದ್ದ.”

“ಮತ್ತ ವರ್ಷಾ ಎತ್ತ ಯಾಕ ಕಳಿಸಿದಿ?”

“ಮದಲನೇ ವರ್ಷ ಸಿಟ್ಟಿಲೆ ಕಳಿಸಿದೆ. ರಾತ್ರೆಲ್ಲಾ ನಿದ್ದಿ ಹತ್ತಿದ್ದಿಲ್ಲ ನನಗ. ಇವ್ರಿಗೆ ನಾಚಿಕಿ ಬರ್ಲಿ ಅಂತ ಕಳಿಸಿದೆ. ನಿಮಗ ಬರ್ಲಿಲ್ಲ. ಎರಡನೇ ವರ್ಷ ಇನ್ನೂ ಸಿಟ್ಟ ಬಂತು, ಮತ್ತ ಕಳಿಸಿದೆ. ಆಮ್ಯಾಲೆ ಎತ್ತಿಗೇ ರೂಢಿ ಆತ್ರಿ, ಅವ ನಿಮ್ಮ ಹೊಲದ ಹಾದಿ ಹಿಡೀತಿದ್ದೂ.” ಆಮೇಲೆ ಅವನೇ ಕೇಳಿದ. “ಒಂದ ತಿಳೀಲಿಲ್ಲ ನನಗ. ಕೆರಸ್ಲಿಲ್ಲ ಯಾಕ ನೀವು?”

“ಕೆರಸಾಕ ನಾ ಬಿಟ್ರ ಹೌದಲ್ಲೋ!” ಎಂದು ಗಂಗವ್ವ ಒಳಗಿನಿಂದಲೇ ಉತ್ತರ ಕೊಟ್ಟಳು.

ಅವನು ನಕ್ಕ. ನನಗೆ ಎದೆಯ ಮೇಲಿನಿಂದ ಒಂದು ಚೀಲ ಜೋಳ ಇಳಿಸಿದಂತಾಗಿತ್ತು. ಸಿಟ್ಟಂತೆ! ನಿದ್ದೆ ಹತ್ತಿರಲಿಲ್ಲವಂತೆ! ದೇವರಂಥವನೆಂದು ಇಷ್ಟು ವರ್ಷ ನಾನು ಹೆದರಿಕೊಂಡಿದ್ದ ಮನುಷ್ಯ, ನನ್ನ ಹಾಗೆಯೇ ಹೊರಳಾಡಿದ್ದ. ಅವನ ಬಟ್ಟಲಿಗೆ ನನ್ನ ಕೈಯಾರೆ ಚಹಾ ಬಗ್ಗಿಸಿದೆ, ಕೆಳಗಿನ ಬಸಿಯೂ ತುಂಬಿ ಚೆಲ್ಲುವಷ್ಟು.

ಹೊರಡುವಾಗ ಹೊಸ್ತಿಲಲ್ಲಿ ನಿಂತು ಕೇಳಿದ. “ಹೆಂಗ ಮಾಡ್ಲಿರಿ ಅಣ್ಣಾರ? ಈ ವರ್ಷ ಎತ್ತ ಕಳಸ್ಲ್ಯೋ ಬ್ಯಾಡೋ?”

“ಕಳಸಪಾ” ಎಂದೆ. “ಈ ಸಲ ನಾಚಿಕೊಂತೀನಿ.”